ದೋರನಹಳ್ಳಿಯ ಅಂತೋಣಿಯವರು: ಹರಕೆ, ಹಬ್ಬ ಮತ್ತು ಹಳ್ಳಿಯ ಧರ್ಮಕೇಂದ್ರ

ಜೂನ್ 13 ಇಟಲಿಯ ಪಾದುವಾದ ಸಂತ ಅಂತೋಣಿಯವರ ಹಬ್ಬ. ಅಂದು ಕೆ.ಆರ್. ನಗರದ ಬಳಿಯ ದೋರನಹಳ್ಳಿಗೆ ಬರುವವರು ಕ್ರೈಸ್ತರಷ್ಟೇ ಅಲ್ಲ. ಮೈಸೂರು, ಮಂಡ್ಯ ಸೀಮೆಯ ಎಲ್ಲ ಜಾತಿ ಮತದವರೂ ಮೇಣದ ಬತ್ತಿ, ಹೂವಿನ ಹಾರ ಹಿಡಿದು ಬರುತ್ತಾರೆ. ಮಗುವಾದರೆ ಬರುತ್ತೇನೆ ಎಂದವರು, ಕಳೆದುಹೋದದ್ದು ಸಿಕ್ಕಿದರೆ ಬರುತ್ತೇನೆ ಎಂದವರು, ಕಾಯಿಲೆ ವಾಸಿಯಾದರೆ ಬರುತ್ತೇನೆ ಎಂದವರು. ಈ ಕ್ಷೇತ್ರ ಬೆಳೆದದ್ದು ಹರಕೆಯಿಂದ. ಕಟ್ಟಡ, ಗೋಪುರ, ರಸ್ತೆ ಎಲ್ಲ ಅದರ ಹಿಂದೆ ಬಂದವು.

ಮೂಲದ ಕಥೆಯನ್ನು ಹಿರಿಯರು ಹೀಗೆ ಹೇಳುತ್ತ ಬಂದಿದ್ದಾರೆ. ಸುಮಾರು ಇನ್ನೂರು ವರ್ಷಗಳ ಕೆಳಗೆ ರೈತರೊಬ್ಬರು ಹೊಲ ಉಳುತ್ತಿದ್ದಾಗ ಮಣ್ಣೊಳಗೆ ಏನೋ ತಾಗಿ ಸದ್ದಾಯಿತು. ನಿಧಿಯಿರಬಹುದೆಂದು ಅಗೆದರೆ ಸಿಕ್ಕಿದ್ದು ನಿಲುವಂಗಿ ತೊಟ್ಟ ಒಂದು ಪ್ರತಿಮೆ. ಯಾರದೆಂದು ತಿಳಿಯದೆ ಅದನ್ನು ಮಕ್ಕಳಿಗೆ ಆಡಲು ಕೊಟ್ಟರು. ಆಮೇಲೆ ಕನಸು ಬಿತ್ತು, ಮನೆಗೆ ಕಷ್ಟ ಬಂತು, ಕೊನೆಗೆ ಪ್ರತಿಮೆಗೊಂದು ಪುಟ್ಟ ಗುಡಿಯಾಯಿತು. ಅದು ಅಂತೋಣಿಯವರದೆಂದು ಗುರುತಾದದ್ದು ಆನಂತರ. ಅಂದರೆ ಗುರುಗಳು ಬಂದು ಬೋಧಿಸುವ ಮೊದಲೇ ಇಲ್ಲಿ ಕೈಮುಗಿದವರಿದ್ದರು. ಆ ಗುಡಿ ಇದ್ದ ಊರಿನ ದೇವಾಲಯಕ್ಕೆ 2019ರಲ್ಲಿ ಕಿರಿಯ ಬೆಸಿಲಿಕಾ ಎಂಬ, ಪೋಪರ ಕಡೆಯಿಂದ ಬರುವ ಗೌರವದ ಪದವಿ ದೊರೆಯಿತು.

ಹೊಲದಲ್ಲಿ ಪ್ರತಿಮೆ ಸಿಕ್ಕ ಕಾಲಕ್ಕೆ ಈ ಸೀಮೆಯಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಒಂದೂವರೆ ಶತಮಾನದ ವಯಸ್ಸಾಗಿತ್ತು. 17ನೇ ಶತಮಾನದ ನಡುವೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಇಟಲಿಯ ಯೇಸುಸಭೆಯ (ಜೆಸ್ವಿಟ್) ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದರು; ಕನ್ನಡ ಕಲಿತು ಕನ್ನಡದಲ್ಲೇ ಬರೆದರು. 1773ರಲ್ಲಿ ಯೇಸುಸಭೆಯೇ ವಿಸರ್ಜನೆಯಾದ ಮೇಲೆ ಈ ಭಾಗದ ಹೊಣೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಗುರುಗಳಿಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಜನ ಚದುರಿಹೋಗಿದ್ದಾಗ ಅವರನ್ನು ಮತ್ತೆ ಕೂಡಿಸಲು ಬಂದವರು ಫ್ರಾನ್ಸಿನ ಗುರು ಅಬ್ಬೆ ದುಬ್ವಾ. ಗಂಜಾಂನಲ್ಲಿರುವ ಹಳೆಯ ದೇವಾಲಯ ಅವರ ಕಾಲದ್ದು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಹಳ್ಳಿಹಳ್ಳಿ ಸುತ್ತಿದವರು, ಹಾಸನದ ಬಳಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟವರು ಅವರೇ. 1823ರಲ್ಲಿ ಅವರು ಊರಿಗೆ ಮರಳಿದರು. ಮುಂದೆ 1886ರಲ್ಲಿ ಮೈಸೂರು ಧರ್ಮಕ್ಷೇತ್ರವಾಯಿತು, ಅಂದರೆ ಒಬ್ಬ ಧರ್ಮಾಧ್ಯಕ್ಷರ (ಬಿಷಪ್) ಆಡಳಿತದ ಸೀಮೆಯಾಯಿತು. 1940ರಲ್ಲಿ ಬೆಂಗಳೂರು ಬೇರೆಯಾಯಿತು. ಇಂದಿನ ಮೈಸೂರು ಧರ್ಮಕ್ಷೇತ್ರದಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳಿವೆ.

ಇಸವಿಗಳನ್ನು ಇಷ್ಟು ಬೇಗ ದಾಟಿಬಿಡಬಹುದು. ಹಳ್ಳಿಯಲ್ಲಿ ವಿಶ್ವಾಸ ಉಳಿದ ಬಗೆಯನ್ನು ಹಾಗೆ ದಾಟಲಾಗದು. ಒಬ್ಬ ಗುರುವಿಗೆ ಹತ್ತಾರು ಹಳ್ಳಿ. ಅವರು ಬಂದಾಗಲೇ ಪೂಜೆ (ಬಲಿಪೂಜೆ). ಉಳಿದ ದಿನಗಳೆಲ್ಲ ಉಪದೇಶಿಯವರ, ಅಂದರೆ ಗುರುವಲ್ಲದಿದ್ದರೂ ಧರ್ಮಪಾಠ ಹೇಳಿಕೊಡುವವರ, ಪಾಲು. ಸಂಜೆ ಜನರನ್ನು ಕೂಡಿಸಿ ಜಪಸರ ಹೇಳಿಸುವುದು, ಮಕ್ಕಳಿಗೆ ಪರಲೋಕ ಮಂತ್ರ, ನಮೋ ಮರಿಯಾ ಬಾಯಿಪಾಠ ಮಾಡಿಸುವುದು, ಸಾಯುವವರ ತಲೆದೆಸೆಯಲ್ಲಿ ಪ್ರಾರ್ಥಿಸುವುದು, ಗುರುಗಳು ಬರುವುದು ತಡವಾದರೆ ಮಣ್ಣು ಮಾಡಿಸುವುದು. ಹುಟ್ಟಿದ ಮಗು ಉಳಿಯುವುದಿಲ್ಲ ಎನಿಸಿದಾಗ ಅದನ್ನು ಕ್ರೈಸ್ತವಾಗಿಸುವ ಜ್ಞಾನಸ್ನಾನ ಕೊಡುವುದೂ ಅವರಿಂದಲೇ ಆಗುತ್ತಿತ್ತು. ಅಂಥ ತುರ್ತಿನಲ್ಲಿ ಧರ್ಮಸಭೆ (ಚರ್ಚ್) ಯಾವ ಉದ್ದೇಶದಿಂದ ಕೊಡುತ್ತದೋ ಅದೇ ಉದ್ದೇಶದಿಂದ ಯಾರು ಬೇಕಾದರೂ ನೀರು ಹೊಯ್ದು, ‘ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ’ ಜ್ಞಾನಸ್ನಾನ ಕೊಡಬಹುದು. ಅದು ಪೂರ್ತಿ ಸಿಂಧು. ಮಗು ಬದುಕಿದರೆ ಮತ್ತೊಮ್ಮೆ ಕೊಡಬಾರದು, ಉಳಿದ ವಿಧಿಗಳನ್ನಷ್ಟೇ ದೇವಾಲಯದಲ್ಲಿ ಪೂರೈಸಬೇಕು. ನಮ್ಮ ಹಳ್ಳಿಗಳ ಚರಿತ್ರೆ ಬರೆಯುವವರು ಗುರುಗಳ ಪಟ್ಟಿ ಹಾಕುತ್ತಾರೆ, ಉಪದೇಶಿಗಳ ಪಟ್ಟಿ ಹಾಕುವುದಿಲ್ಲ. ಅದು ದೊಡ್ಡ ಕೊರತೆ.

ಬೇರೆ ಊರಿನ ಧರ್ಮಕೇಂದ್ರಕ್ಕೆ ಸೇರಿದ ಉಪಕೇಂದ್ರವಾಗಿದ್ದ ಹಳ್ಳಿ ತಾನೇ ಧರ್ಮಕೇಂದ್ರ (ಪ್ಯಾರಿಷ್) ಆಗುವುದು ಧರ್ಮಾಧ್ಯಕ್ಷರ ಆಜ್ಞೆಯಿಂದ ಮಾತ್ರ. ಅದಕ್ಕೆ ಮೊದಲು ಅವರು ಗುರುಗಳ ಮಂಡಳಿಯ ಅಭಿಪ್ರಾಯ ಕೇಳಬೇಕು. ಅಂದಿನಿಂದ ಆ ಊರಿಗೆ ತನ್ನದೇ ದಾಖಲೆ ಪುಸ್ತಕಗಳು. ಜ್ಞಾನಸ್ನಾನ, ವಿವಾಹ, ಮರಣ ಇವು ಕಡ್ಡಾಯ. ದೃಢೀಕರಣ ಸಂಸ್ಕಾರದ ಪುಸ್ತಕ, ಮನೆಮನೆಯ ಲೆಕ್ಕದ ಕುಟುಂಬ ಪುಸ್ತಕಗಳೂ ಹಿಂದಿನಿಂದ ಬಂದಿವೆ. ಜ್ಞಾನಸ್ನಾನದ ದಾಖಲೆಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ ಮತ್ತು ಊರು, ತಂದೆ ತಾಯಿ, ಜ್ಞಾನ ತಂದೆತಾಯಿ, ಸಂಸ್ಕಾರ ಕೊಟ್ಟ ಗುರು, ದಿನ, ಸ್ಥಳ ಇಷ್ಟೂ ಇರಬೇಕು. ಅಂಚಿನಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಮುಂದೆ ದೃಢೀಕರಣವಾದರೆ, ಮದುವೆಯಾದರೆ, ಗುರುದೀಕ್ಷೆಯಾದರೆ ಅಲ್ಲಿಯೇ ಬರೆಯಬೇಕು. ಮದುವೆಯನ್ನು ಹೀಗೆ ಅಂಚಿನಲ್ಲಿ ಗುರುತಿಸುವ ನಿಯಮ 1908ರಿಂದ ಜಾರಿಯಲ್ಲಿದೆ.

ಬೆಳ್ಳಿಹಬ್ಬಕ್ಕೋ ಶತಮಾನೋತ್ಸವಕ್ಕೋ ಊರಿನ ಚರಿತ್ರೆ ಬರೆಯಲು ಹೊರಟವರು ಎಡವುವುದು ಇಲ್ಲೇ. ದೇವಾಲಯದ ಗೋಡೆಯ ಕಲ್ಲಿನಲ್ಲಿರುವ ಇಸವಿಯನ್ನೇ ಸಭೆಯ ಹುಟ್ಟು ಎಂದುಕೊಳ್ಳುತ್ತಾರೆ. ಆ ಕಲ್ಲು ಕಟ್ಟಡದ್ದು. ಕಟ್ಟಡ ಎರಡನೆಯದೋ ಮೂರನೆಯದೋ ಆಗಿರಬಹುದು. ಊರು ಉಪಕೇಂದ್ರವಾಗಿದ್ದಾಗಿನ ಜ್ಞಾನಸ್ನಾನಗಳೆಲ್ಲ ತಾಯಿ ಧರ್ಮಕೇಂದ್ರದ ಪುಸ್ತಕದಲ್ಲಿರುತ್ತವೆ. ಮೊದಲು ಅಲ್ಲಿಗೆ ಹೋಗಿ ಊರಿನ ಹೆಸರು ಎಲ್ಲಿಂದ ಕಾಣತೊಡಗುತ್ತದೆಂದು ನೋಡಬೇಕು. ಇನ್ನೊಂದು ತೊಡಕು ಹೆಸರಿನದು. ಹಳೆಯ ಪುಸ್ತಕಗಳು ಲತೀನಿನಲ್ಲಿವೆ. ಮನೆಯಲ್ಲಿ ಇನ್ನಾಸಪ್ಪನಾದವನು ಪುಸ್ತಕದಲ್ಲಿ ಇಗ್ನಾಸಿಯುಸ್, ಚೌರಪ್ಪ ಕ್ಸಾವೇರಿಯುಸ್, ರಾಯಪ್ಪ ಪೇತ್ರುಸ್, ಚಿನ್ನಪ್ಪ ಪಾವುಲುಸ್. ಅಜ್ಜನ ಹೆಸರು ರಾಯಪ್ಪ ಎಂದು ಹುಡುಕಿದರೆ ಎಷ್ಟು ಹಾಳೆ ತಿರುವಿದರೂ ಸಿಗದು. ತಂದೆ ತಾಯಿ, ಊರು, ಜ್ಞಾನ ತಂದೆ ಇವರಿಂದ ಹುಡುಕಬೇಕು. ಮದುವೆಗೆ ಜ್ಞಾನಸ್ನಾನ ಪತ್ರ ಕೇಳಿದಾಗ ಆಧಾರ್ ಕಾರ್ಡಿನ ಹೆಸರಿಗೂ ಇದಕ್ಕೂ ತಾಳೆಯಾಗದೆ ಗಾಬರಿಯಾಗುವ ಮನೆಗಳು ಬಹಳ. ಹಾಗಾಗಿ ಮದುವೆಗೆ ತಿಂಗಳುಗಳ ಮೊದಲೇ ಹೋಗಿ ವಿಚಾರಿಸುವುದು ಒಳ್ಳೆಯದು. ಪತ್ರ ಹೊಸದಾಗಿ ತೆಗೆಸಿದ್ದೇ ಆಗಬೇಕು, ಏಕೆಂದರೆ ಅಂಚಿನ ಬರಹ ಇತ್ತೀಚಿನವರೆಗಿನದು ಬೇಕು.

ಈಗ ಹರಕೆಯ ವಿಷಯ. ಭಕ್ತಿ ಹೆಚ್ಚಾಗಿರುವ ಕಡೆಯೇ ತಪ್ಪು ತಿಳಿವಳಿಕೆಯೂ ಹೆಚ್ಚು.

ಹರಕೆ ದೇವರಿಗೆ ಕೊಟ್ಟ ಮಾತು. ಅಂತೋಣಿಯವರು ನಮಗಾಗಿ ಬಿನ್ನಹ ಮಾಡುವವರು, ಹರಕೆ ಸಲ್ಲುವುದು ದೇವರಿಗೆ. ಧರ್ಮಸಭೆಯ ಕಾನೂನಿನಂತೆ ಹರಕೆ ಹರಕೆಯಾಗಬೇಕಾದರೆ ಮೂರು ಬೇಕು: ಯೋಚಿಸಿ ಹೊತ್ತಿರಬೇಕು, ಬಲವಂತವಿಲ್ಲದೆ ಹೊತ್ತಿರಬೇಕು, ಹೊತ್ತದ್ದು ನಡೆಸಲು ಸಾಧ್ಯವಾದ ಒಳ್ಳೆಯ ಕೆಲಸವಾಗಿರಬೇಕು. ಅನ್ಯಾಯವಾದ ದೊಡ್ಡ ಹೆದರಿಕೆಗೋ ಮೋಸಕ್ಕೋ ಒಳಗಾಗಿ ಹೊತ್ತದ್ದು ಹರಕೆಯೇ ಅಲ್ಲ. ‘ಈ ಹರಕೆ ಹೊರದಿದ್ದರೆ ನಿನ್ನ ಮಗನಿಗೆ ಕೇಡಾಗುತ್ತದೆ’ ಎಂದು ಯಾರಾದರೂ ಹೆದರಿಸಿ ಹೊರಿಸಿದ್ದರೆ ಆ ತಾಯಿ ನೆಮ್ಮದಿಯಾಗಿ ಗುರುಗಳ ಬಳಿ ಹೋಗಿ ಹೇಳಿಕೊಳ್ಳಲಿ.

ಹರಕೆ ಹೊತ್ತವರನ್ನು ಮಾತ್ರ ಕಟ್ಟುತ್ತದೆ. ಅವ್ವ ಮಗಳ ಹೆಸರಲ್ಲಿ ಹೊತ್ತು ತೀರಿಸದೆ ತೀರಿಕೊಂಡರೆ, ಹರಕೆ ಮಗಳ ಮೇಲೆ ಬೀಳುವುದಿಲ್ಲ. ಅವ್ವನ ನೆನಪಿಗೆ ಮಗಳು ನಡೆಸಿದರೆ ಅದು ಪ್ರೀತಿ; ನಡೆಸದಿದ್ದರೆ ಶಾಪ ತಟ್ಟುತ್ತದೆ ಎನ್ನುವುದು ಕ್ರೈಸ್ತ ವಿಶ್ವಾಸದ ಮಾತಲ್ಲ. ನಡೆಸಲಾಗದ ಸ್ಥಿತಿ ಬಂದರೆ ದಾರಿಯಿದೆ. ಕಾಲ್ನಡಿಗೆಯಲ್ಲಿ ಬರುತ್ತೇನೆ ಎಂದವರಿಗೆ ಮೊಣಕಾಲು ಹೋದರೆ, ಅದಕ್ಕೆ ಸಮನಾದ ಅಥವಾ ಮೇಲಾದ ಇನ್ನೊಂದು ಒಳ್ಳೆಯ ಕೆಲಸಕ್ಕೆ ತಾವೇ ಬದಲಿಸಿಕೊಳ್ಳಬಹುದು. ಕಡಿಮೆಯದಕ್ಕೆ ಇಳಿಸುವುದು ತಾವಾಗಿ ಮಾಡುವಂಥದಲ್ಲ. ತಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಬೇಕು. ತಕ್ಕ ಕಾರಣವಿದ್ದರೆ ಹರಕೆಯನ್ನೇ ಬಿಡಿಸುವ ಅಧಿಕಾರವೂ ಅವರಿಗಿದೆ.

ಅಂತೋಣಿಯವರ ಹರಕೆಗಳಲ್ಲಿ ಬಹಳ ಹಳೆಯದು ಮಗುವಿನ ತೂಕದ ಧಾನ್ಯ. ಪಾದುವಾದಲ್ಲಿ ಇಪ್ಪತ್ತು ತಿಂಗಳ ಮಗುವೊಂದು ನೀರಿನ ಪಾತ್ರೆಗೆ ಬಿದ್ದು ಸತ್ತಾಗ, ಬದುಕಿಸಿಕೊಟ್ಟರೆ ಅದರ ತೂಕದಷ್ಟು ಧಾನ್ಯವನ್ನು ಬಡವರಿಗೆ ಕೊಡುತ್ತೇನೆಂದು ತಾಯಿ ಹರಕೆ ಹೊತ್ತಳು, ಮಗು ಎದ್ದಿತು ಎಂಬ ಪರಂಪರೆಯಿದೆ. ತುಲಾಭಾರ ಬಲ್ಲ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 12 ಕಿಲೋ ಮಗುವಾದರೆ 12 ಕಿಲೋ ಅಕ್ಕಿ. ಅದು ಹಸಿದವರ ಒಲೆಗೆ ಹೋಗಬೇಕು. ಪೀಠದ ಮುಂದೆ ಸುರಿದರೆ ಹರಕೆಯ ತಿರುಳೇ ತಪ್ಪುತ್ತದೆ. ಹಬ್ಬದಲ್ಲಿ ಹಂಚುವ ಅಂತೋಣಿಯವರ ರೊಟ್ಟಿಯ ಹಿಂದಿರುವುದೂ ಇದೇ. ಹಬ್ಬದ ದಿನ ಊಟಕ್ಕೆ ಕೊರತೆಯಿರುವುದಿಲ್ಲ, ಒಮ್ಮೊಮ್ಮೆ ಮಿಕ್ಕಿ ಚೆಲ್ಲುತ್ತದೆ; ಆಮೇಲಿನ ತಿಂಗಳುಗಳಲ್ಲಿ ಕೇಳುವವರಿರುವುದಿಲ್ಲ. ಅಕ್ಕಿ ಕೊಡುವವರು ಜುಲೈ, ಆಗಸ್ಟಿನಲ್ಲಿ ಧರ್ಮಕೇಂದ್ರದಲ್ಲಿ ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪಾಲ್ ಸಭೆಯ ಮೂಲಕ ಕೊಟ್ಟರೆ ಸರಿಯಾದ ಮನೆ ಸೇರುತ್ತದೆ.

ಸಿದ್ಧತೆಗೆ ಮೂರು ಪದ್ಧತಿಗಳಿವೆ. ನವೇನಾ ಮಾಡುವವರು ಜೂನ್ 4ಕ್ಕೆ ಶುರುಮಾಡಿದರೆ 12ಕ್ಕೆ ಒಂಬತ್ತು ದಿನ ತುಂಬುತ್ತದೆ. ಹದಿಮೂರು ದಿನದ ಪ್ರಾರ್ಥನೆಗೆ ಮೇ 31ರಂದೇ ಕೂರಬೇಕು. ಹದಿಮೂರು ಮಂಗಳವಾರ ಹಿಡಿಯುವವರು ಮಾರ್ಚ್ ನಡುವಿನಲ್ಲೇ ಆರಂಭಿಸಬೇಕು. ಮಂಗಳವಾರವೇ ಏಕೆಂದರೆ 1231ರ ಜೂನ್ 13ರ ಶುಕ್ರವಾರ ತೀರಿಕೊಂಡ ಅಂತೋಣಿಯವರನ್ನು ಪಾದುವಾದಲ್ಲಿ ಮಣ್ಣು ಮಾಡಿದ್ದು 17ರ ಮಂಗಳವಾರ. ಒಂದು ವಾರ ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕೆ ಎಂದು ಕೇಳುವವರಿದ್ದಾರೆ. ಬೇಡ, ಮುಂದುವರಿಸಿದರೆ ಸಾಕು, ಎಣಿಕೆಯಲ್ಲಿ ಮಂತ್ರಶಕ್ತಿಯಿಲ್ಲ. ಮೂರರಲ್ಲಿ ಮಂಗಳವಾರದ ಪದ್ಧತಿಯೇ ಹಳ್ಳಿಗೆ ಹೆಚ್ಚು ಒಗ್ಗುತ್ತದೆ ಎನ್ನಬೇಕು. ಕೆಲಸ ಕೆಡದೆ ಮೂರು ತಿಂಗಳು ಮನಸ್ಸು ಅಲ್ಲೇ ಇರುತ್ತದೆ.

ಪಾಪನಿವೇದನೆಯನ್ನು ಹಬ್ಬದ ದಿನಕ್ಕೆ ಉಳಿಸಿಕೊಳ್ಳಬಾರದು. ಅಂದು ಸಾಲು ಉದ್ದ, ಗುರುಗಳಿಗೂ ಸಮಯವಿಲ್ಲ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ನವೇನಾದ ಮೊದಲ ದಿನಗಳಲ್ಲಿ ತಮ್ಮ ಊರಿನಲ್ಲೇ ಮುಗಿಸಿ ಬರುವುದು ಒಳ್ಳೆಯದು. ಪೂಜೆ ಬರೆಸುವುದರಲ್ಲೂ ಇದೇ ಎಚ್ಚರ ಬೇಕು. 13ರ ದೊಡ್ಡ ಪೂಜೆಗೇ ತಮ್ಮ ಹೆಸರು ಬರಲಿ ಎಂದು ಎಲ್ಲರೂ ಆಸೆಪಡುತ್ತಾರೆ. ಆದರೆ ಕಾಣಿಕೆ ಕೊಟ್ಟ ಒಂದೊಂದು ಕೋರಿಕೆಗೂ ಒಂದೊಂದು ಪೂಜೆ ಬೇರೆಯಾಗಿ ಅರ್ಪಿಸಬೇಕೆಂಬುದು ನಿಯಮ. ವರ್ಷದ ಯಾವುದಾದರೂ ಮಂಗಳವಾರ ಬರೆಸಿ ಮನೆಯವರೆಲ್ಲ ಬಂದು ಕೂತರೆ ಆ ಪೂಜೆ ನಿಮ್ಮದೇ.

ತೇರಿನ ಮೆರವಣಿಗೆಯಲ್ಲಿ ಮುಂದೆ ಶಿಲುಬೆ, ಅದರ ಎರಡು ಬದಿಗೆ ದೀಪ. ಹಿಂದೆ ಜನ, ಗುರುಗಳು, ತೇರು. ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ) ಮೆರವಣಿಗೆ ಇದ್ದರೆ ಅದು ಬೇರೆಯೇ, ಅದರ ಜೊತೆ ಸಂತರ ಪ್ರತಿಮೆ ಒಯ್ಯುವಂತಿಲ್ಲ. ಜೂನ್ ನಡುವೆ ಮುಂಗಾರು. ಸಣ್ಣ ಊರುಗಳಲ್ಲಿ ತೇರು ಎಳೆಯುವವರು ಹಿಂದಿನ ದಿನವೇ ದಾರಿ ನಡೆದು ನೋಡಬೇಕು: ಕೆಸರಿರುವ ಕಡೆ ಜಲ್ಲಿ ಹಾಕಿಸಬೇಕು, ತೇರಿನ ತುದಿಗೂ ವಿದ್ಯುತ್ ತಂತಿಗೂ ನಡುವಿನ ಅಂತರ ಅಳೆಯಬೇಕು, ಆ ಹೊತ್ತಿಗೆ ವಿದ್ಯುತ್ ನಿಲ್ಲಿಸಲು ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಗೆ ಮೊದಲೇ ಅರ್ಜಿ ಕೊಡಬೇಕು. ಅಲಂಕಾರದ ಬಟ್ಟೆ, ಒಣ ಹೂವಿನ ಬಳಿ ಮೇಣದ ಬತ್ತಿ ಹಚ್ಚಬಾರದು. ಬತ್ತಿಗೆ ಮರಳು ತುಂಬಿದ ತಟ್ಟೆ ಬೇರೆ ಇಡಬೇಕು.

ಬೆಸಿಲಿಕಾ ಆದದ್ದರಿಂದ ಭಕ್ತರಿಗೆ ದೊರೆತ ಒಂದು ವರವನ್ನು ಎಷ್ಟೋ ಜನ ಬಳಸಿಕೊಳ್ಳುವುದೇ ಇಲ್ಲ. ಹಬ್ಬದ ದಿನ, ಜೂನ್ 29ರ ಸಂತ ಪೇತ್ರ ಪೌಲರ ಹಬ್ಬ, ದೇವಾಲಯದ ಪ್ರತಿಷ್ಠೆಯ ವಾರ್ಷಿಕ ದಿನ, ಪದವಿ ದೊರೆತ ದಿನ, ಧರ್ಮಾಧ್ಯಕ್ಷರು ಗೊತ್ತುಮಾಡಿದ ಒಂದು ದಿನ, ಇವಲ್ಲದೆ ವರ್ಷಕ್ಕೊಮ್ಮೆ ಭಕ್ತರು ತಾವೇ ಆರಿಸಿಕೊಂಡ ಒಂದು ದಿನ, ಅಲ್ಲಿಗೆ ಭಕ್ತಿಯಿಂದ ಬಂದು ಪೂಜೆಯಲ್ಲಿ ಪಾಲುಗೊಂಡರೆ, ಇಲ್ಲವೆ ಕನಿಷ್ಠ ಪರಲೋಕ ಮಂತ್ರ ಮತ್ತು ವಿಶ್ವಾಸ ಸಂಗ್ರಹ ಹೇಳಿದರೆ, ಪೂರ್ಣ ದಂಡವಿಮೋಚನೆ, ಅಂದರೆ ಕ್ಷಮೆಯಾದ ಪಾಪಗಳಿಗೆ ಉಳಿದ ದಂಡದಿಂದ ಪೂರ್ತಿ ಬಿಡುಗಡೆ, ದೊರೆಯುತ್ತದೆ. ಅದಕ್ಕೆ ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ, ಪೋಪರ ಕೋರಿಕೆಗಳಿಗಾಗಿ ಪ್ರಾರ್ಥನೆ, ಪಾಪದ ಮೇಲಿನ ಆಸೆಯನ್ನು ಬಿಟ್ಟ ಮನಸ್ಸು ಬೇಕು. ಅದನ್ನು ತೀರಿಹೋದವರಿಗಾಗಿಯೂ ಒಪ್ಪಿಸಬಹುದು. ನಾವೇ ಆರಿಸುವ ದಿನ ಅಪ್ಪನದೋ ಅವ್ವನದೋ ವರ್ಷದ ನೆನಪಿನ ದಿನವಾಗಬಹುದು. ಅಂದು ನೂಕುನುಗ್ಗಲೂ ಇರುವುದಿಲ್ಲ.

ಹೊಸದಾಗಿ ಹರಕೆ ಹೊರುವವರು ಒಂದನ್ನು ಯೋಚಿಸಲಿ. ವರ್ಷಕ್ಕೊಮ್ಮೆ ದೋರನಹಳ್ಳಿಗೆ ಬರುವುದರ ಜೊತೆಗೆ ತಮ್ಮ ಉಪಕೇಂದ್ರದಲ್ಲಿ ಸಂಜೆ ಜಪಸರ ನಡೆಸುವುದನ್ನೋ, ಪಕ್ಕದ ಬೀದಿಯ ಮಕ್ಕಳಿಗೆ ಭಾನುವಾರ ಧರ್ಮೋಪದೇಶ ಹೇಳಿಕೊಡುವುದನ್ನೋ ಹರಕೆಯಾಗಿ ಹೊರಬಹುದು. ಕೊನೆಯ ದಿನಾಂಕವನ್ನೂ ಹೇಳಿಕೊಂಡು ಹೊರಬೇಕು: ಈ ಹಬ್ಬದಿಂದ ಮುಂದಿನ ಹಬ್ಬದವರೆಗೆ ಎಂದು. ಆ ಅವಧಿ ಮುಗಿದಾಗ ಹರಕೆಯೂ ಮುಗಿಯುತ್ತದೆ. ಮನಸ್ಸಿದ್ದರೆ ಮತ್ತೊಂದು ವರ್ಷಕ್ಕೆ ಹೊತ್ತುಕೊಳ್ಳಬಹುದು.