ಗಿಟ್‌ಗೆ ಹೊರಗಿನ ಮರ್ಜ್ ಟೂಲ್ ಜೋಡಿಸುವುದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಡತಗಳ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ತಂತ್ರಾಂಶವನ್ನು ಬಳಸಲು ಆರಂಭಿಸಿ ಕೆಲವು ತಿಂಗಳಾದವರು ನನ್ನನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಹೀಗಿರುತ್ತದೆ: "ಕಾನ್‌ಫ್ಲಿಕ್ಟ್ ಬಂದಾಗ ಕಡತದೊಳಗೆ ಕಾಣುವ ಆ ಬಾಣದ ಗುರುತುಗಳನ್ನು ಕೈಯಿಂದ ಅಳಿಸಿ ಸಾಕಾಗಿದೆ. ಯಾವ ಮರ್ಜ್ ಟೂಲ್ ಒಳ್ಳೆಯದು, ಅದನ್ನು ಗಿಟ್‌ಗೆ ಜೋಡಿಸುವುದು ಹೇಗೆ?" ಬೇರೆಬೇರೆ ಬ್ರಾಂಚುಗಳಲ್ಲಿ, ಅಂದರೆ ಕೆಲಸದ ಕವಲುಗಳಲ್ಲಿ, ಆದ ಬದಲಾವಣೆಗಳನ್ನು ಒಂದುಗೂಡಿಸುವುದು ಮರ್ಜ್; ಒಂದೇ ಸಾಲು ಎರಡೂ ಕಡೆ ಬೇರೆಬೇರೆಯಾಗಿ ಬದಲಾಗಿ ಗಿಟ್‌ಗೆ ತೀರ್ಮಾನಿಸಲಾಗದಿದ್ದರೆ ಅದು ಕಾನ್‌ಫ್ಲಿಕ್ಟ್; ಅದನ್ನು ಬಿಡಿಸಲು ಪ್ರತಿಗಳನ್ನು ಅಕ್ಕಪಕ್ಕ ತೋರಿಸುವ ಪ್ರೋಗ್ರಾಂ ಮರ್ಜ್ ಟೂಲ್. ಕೇಳುವವರ ಮನಸ್ಸಿನಲ್ಲಿ ಪ್ರಶ್ನೆಯ ಮೊದಲ ಅರ್ಧಕ್ಕೇ ತೂಕ ಹೆಚ್ಚು. ನನ್ನ ಉತ್ತರದಲ್ಲಿ ಎರಡನೆಯ ಅರ್ಧಕ್ಕೆ ಹೆಚ್ಚು. ಮೆಲ್ಡ್, ಕೆಡಿಫ್3, ಪಿ4ಮರ್ಜ್, ಬಿಯಾಂಡ್ ಕಂಪೇರ್, ವಿಎಸ್ ಕೋಡ್ ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಕೆಲಸ ನಡೆಯುತ್ತದೆ. ಆದರೆ ಯಾವ ಕಡತ ಯಾವ ಸ್ಥಾನದಲ್ಲಿ ಹೋಗಬೇಕು ಮತ್ತು ಕೆಲಸ ಮುಗಿಯಿತೆಂದು ಗಿಟ್‌ಗೆ ತಿಳಿಯುವುದು ಹೇಗೆ ಎಂಬ ಎರಡು ವಿಷಯಗಳು ತಪ್ಪಿದರೆ ಅತ್ಯುತ್ತಮ ಟೂಲ್ ಕೂಡ ಕಡತವನ್ನು ಕೆಡಿಸಿಬಿಡುತ್ತದೆ.

ಕಡತಗಳಿಂದಲೇ ಆರಂಭಿಸೋಣ. ಮರ್ಜ್ ಟೂಲನ್ನು ಕರೆಯುವಾಗ ಗಿಟ್ ಅದರ ಕೈಗೆ ನಾಲ್ಕು ಕಡತಗಳ ಹೆಸರು ಕೊಡುತ್ತದೆ. ಲೋಕಲ್ ಎಂಬುದು ನೀವು ಈಗ ನಿಂತಿರುವ ಬ್ರಾಂಚಿನ ಪ್ರತಿ. ರಿಮೋಟ್ ಎಂಬುದು ಒಳಗೆ ಬರುತ್ತಿರುವ ಬ್ರಾಂಚಿನ ಪ್ರತಿ. ಹೆಸರು ಹಾಗಿದ್ದರೂ ಅದಕ್ಕೂ ದೂರದ ಸರ್ವರಿಗೂ ಸಂಬಂಧವಿಲ್ಲ. ಬೇಸ್ ಎಂಬುದು ಎರಡೂ ಬ್ರಾಂಚುಗಳು ಕವಲೊಡೆಯುವ ಮೊದಲಿದ್ದ ಸಾಮಾನ್ಯ ಪ್ರತಿ. ಈ ಮೂರೂ ತಾತ್ಕಾಲಿಕ ಕಡತಗಳಾಗಿದ್ದು ಕೆಲಸ ಮುಗಿದ ಮೇಲೆ ಗಿಟ್ ಇವುಗಳನ್ನು ಅಳಿಸಿಹಾಕುತ್ತದೆ. ನಾಲ್ಕನೆಯದಾದ ಮರ್ಜ್ಡ್ ಮಾತ್ರ ನಿಮ್ಮ ಫೋಲ್ಡರಿನಲ್ಲಿರುವ ನಿಜವಾದ ಕಡತ. ಆರಂಭದಲ್ಲಿ ಅದರೊಳಗೆ ಕಾನ್‌ಫ್ಲಿಕ್ಟ್ ಗುರುತುಗಳಿರುತ್ತವೆ. ಟೂಲ್ ಅಂತಿಮ ಫಲಿತಾಂಶವನ್ನು ಬರೆಯಬೇಕಾದದ್ದೂ ಅದರೊಳಗೇ.

ಇವುಗಳಲ್ಲಿ ಬೇಸ್ ಕಡತವನ್ನು ಬಹಳಷ್ಟು ಜನ ಅನಗತ್ಯವೆಂದು ಕಡೆಗಣಿಸುತ್ತಾರೆ. ಒಂದು ಉದಾಹರಣೆ ನೋಡಿ. ಸೆಟ್ಟಿಂಗ್ಸ್ ಕಡತವೊಂದರಲ್ಲಿ "ಅವಧಿ = 30" ಎಂಬ ಸಾಲಿತ್ತು ಎಂದಿಟ್ಟುಕೊಳ್ಳಿ. ನೀವು ಅದನ್ನು "ಅವಧಿ = 60" ಎಂದು ಬದಲಿಸಿದಿರಿ; ಅದೇ ವೇಳೆ ಸಹೋದ್ಯೋಗಿಯೊಬ್ಬರು ಹೆಸರನ್ನು ಸ್ಪಷ್ಟಗೊಳಿಸಲು "ಸಂಪರ್ಕದ ಅವಧಿ = 30" ಎಂದು ಬದಲಿಸಿದರು. ಕೊನೆಯ ಎರಡು ಪ್ರತಿಗಳನ್ನು ಮಾತ್ರ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಸಹೋದ್ಯೋಗಿ ಬೇಕೆಂದೇ 30 ಎಂದು ಇಟ್ಟರೇ ಅಥವಾ ಅದು ಮೊದಲಿನಿಂದ ಇದ್ದದ್ದೇ ಎಂದು ಹೇಳಲು ಯಾವ ದಾರಿಯೂ ಇಲ್ಲ. ಬೇಸ್ ಕಣ್ಣೆದುರಿಗಿದ್ದರೆ ಒಬ್ಬರು ಸಂಖ್ಯೆಯನ್ನೂ ಇನ್ನೊಬ್ಬರು ಹೆಸರನ್ನೂ ಬದಲಿಸಿದ್ದಾರೆಂಬುದು ತಕ್ಷಣ ತಿಳಿಯುತ್ತದೆ, "ಸಂಪರ್ಕದ ಅವಧಿ = 60" ಎಂಬ ಸರಿಯಾದ ಸಾಲು ತಾನಾಗಿ ಹೊಳೆಯುತ್ತದೆ. ಆದ್ದರಿಂದ ಟೂಲ್ ಆರಿಸುವಾಗ ನಾನು ಕೇಳುವುದು ಒಂದೇ: ಅದು ಬೇಸ್ ಪ್ರತಿಯನ್ನೂ ತೋರಿಸಿ ಫಲಿತಾಂಶಕ್ಕೆ ಬೇರೆ ಕಿಟಕಿ ಕೊಡುತ್ತದೆಯೇ? ಬಣ್ಣ, ಥೀಮು ಮುಂತಾದವು ಅವರವರ ಇಷ್ಟ. ಹೊರಗಿನ ಟೂಲೇ ಬೇಡ ಎನ್ನುವವರೂ ಗಿಟ್‌ನ ಮರ್ಜ್ ಡಾಟ್ ಕಾನ್‌ಫ್ಲಿಕ್ಟ್‌ಸ್ಟೈಲ್ ಎಂಬ ಸೆಟ್ಟಿಂಗನ್ನು ಡಿಫ್3 ಎಂದು ಇಟ್ಟುಕೊಳ್ಳಬಹುದು. ಆಗ ಬಾಣದ ಗುರುತುಗಳ ನಡುವೆಯೇ ಬೇಸ್ ಸಾಲುಗಳೂ ಕಾಣಿಸುತ್ತವೆ. 2022ರಲ್ಲಿ ಬಂದ ಗಿಟ್ 2.35ರಿಂದ ಇದರ ಅಡಕವಾದ ರೂಪವಾದ ಝಡ್‌ಡಿಫ್3 ಕೂಡ ಲಭ್ಯವಿದೆ.

ಜೋಡಣೆಗೆ ಎರಡು ದಾರಿಗಳಿವೆ. ಗಿಟ್‌ಗೆ ಮೊದಲೇ ಪರಿಚಯವಿರುವ ಟೂಲುಗಳ ದೊಡ್ಡ ಪಟ್ಟಿಯೇ ಇದೆ. ಗಿಟ್ ಮರ್ಜ್‌ಟೂಲ್ ಆದೇಶಕ್ಕೆ ಟೂಲ್‌ಹೆಲ್ಪ್ ಆಯ್ಕೆ ಕೊಟ್ಟರೆ ಆ ಪಟ್ಟಿಯನ್ನೂ, ಅದರಲ್ಲಿ ನಿಮ್ಮ ಗಣಕದಲ್ಲಿ ಯಾವುವು ಸಿದ್ಧವಿವೆ ಎಂಬುದನ್ನೂ ಅದು ತೋರಿಸುತ್ತದೆ. ನಿಮ್ಮ ಟೂಲ್ ಅಲ್ಲಿದ್ದರೆ ಮರ್ಜ್ ಡಾಟ್ ಟೂಲ್ ಎಂಬ ಸೆಟ್ಟಿಂಗಿಗೆ ಅದರ ಹೆಸರು ಕೊಟ್ಟರೆ ಸಾಕು. ಟೂಲ್ ಅಪರಿಚಿತ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಆಗಿದ್ದರೆ ಮರ್ಜ್‌ಟೂಲ್ ವಿಭಾಗದಲ್ಲಿ ಆ ಟೂಲಿನ ಹೆಸರಿನಡಿ ಪಾತ್ ಎಂಬ ಸೆಟ್ಟಿಂಗಿನಲ್ಲಿ ಅದರ ವಿಳಾಸವನ್ನೂ ಬರೆಯಬೇಕು. ಪರಿಚಿತ ಟೂಲಿಗೆ ತಾವೇ ಆದೇಶ ಬರೆಯಲು ಹೋಗುವುದು ಅನವಶ್ಯಕ ಶ್ರಮ. ಕಡತಗಳ ಕ್ರಮ ಗಿಟ್‌ಗೆ ಅದಾಗಲೇ ಗೊತ್ತಿರುತ್ತದೆ.

ಪಟ್ಟಿಯಲ್ಲಿ ಇಲ್ಲದ ಟೂಲಿಗೆ ಸಿಎಂಡಿ ಎಂಬ ಸೆಟ್ಟಿಂಗಿನಲ್ಲಿ ಪೂರ್ತಿ ಆದೇಶವನ್ನು ನೀವೇ ಬರೆಯಬೇಕು. ಕ್ರಮದ ಪ್ರಶ್ನೆ ಏಳುವುದು ಇಲ್ಲಿಯೇ. ಪಿ4ಮರ್ಜ್ ಬೇಸ್, ಲೋಕಲ್, ರಿಮೋಟ್, ಮರ್ಜ್ಡ್ ಎಂಬ ಕ್ರಮವನ್ನು ನಿರೀಕ್ಷಿಸುತ್ತದೆ. ಮೆಲ್ಡ್ ಬೇಸ್ ಪ್ರತಿಯನ್ನು ನಡುವೆ ಇಟ್ಟು ಎಡಕ್ಕೆ ಲೋಕಲ್, ಬಲಕ್ಕೆ ರಿಮೋಟ್ ಬಯಸುತ್ತದೆ ಮತ್ತು ಫಲಿತಾಂಶದ ಹೆಸರನ್ನು ಔಟ್‌ಪುಟ್ ಎಂಬ ಪ್ರತ್ಯೇಕ ಆಯ್ಕೆಯಾಗಿ ಕೇಳುತ್ತದೆ. ವಿಎಸ್ ಕೋಡ್‌ನ ಮರ್ಜ್ ಆಯ್ಕೆಗೆ ಮೊದಲು ಎರಡು ಪಕ್ಷಗಳ ಕಡತಗಳು, ಆಮೇಲೆ ಬೇಸ್, ಕೊನೆಗೆ ಫಲಿತಾಂಶ ಎಂಬ ಕ್ರಮ ಬೇಕು. ಒಂದು ಟೂಲಿಗೆ ಬರೆದ ಸಾಲನ್ನು ಹೆಸರು ಬದಲಿಸಿ ಇನ್ನೊಂದಕ್ಕೆ ಅಂಟಿಸಿದರೆ ಟೂಲ್ ತೆರೆದುಕೊಳ್ಳುತ್ತದೆ, ದೋಷದ ಸಂದೇಶವೂ ಬರುವುದಿಲ್ಲ; ಆದರೆ ಬೇಸ್ ಎಂದು ತಿಳಿದು ನೀವು ನೋಡುತ್ತಿರುವುದು ಇನ್ನೊಬ್ಬರ ಪ್ರತಿಯಾಗಿರುತ್ತದೆ. ಟೂಲ್ ತೆರೆಯದೇ ಇರುವುದಕ್ಕಿಂತ ಇದು ಹೆಚ್ಚು ಅಪಾಯಕಾರಿ.

ಉದ್ಧರಣ ಚಿಹ್ನೆಗಳ ಕಾಟ ಇದಕ್ಕಿಂತಲೂ ಸಾಮಾನ್ಯ. ಗಿಟ್ ಕಾನ್ಫಿಗ್ ಆದೇಶದಿಂದ ಸಿಎಂಡಿ ಸೆಟ್ಟಿಂಗನ್ನು ಬರೆಯುವಾಗ ಮೌಲ್ಯವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ, ಟರ್ಮಿನಲ್‌ನಲ್ಲಿ ಆದೇಶಗಳನ್ನು ಓದುವ ಬ್ಯಾಶ್ ಆಗಲಿ ಪವರ್‌ಶೆಲ್ ಆಗಲಿ ಡಾಲರ್ ಚಿಹ್ನೆಯಿಂದ ಆರಂಭವಾಗುವ ಬೇಸ್, ಲೋಕಲ್ ಮುಂತಾದವನ್ನು ತನ್ನದೇ ಚರಾಂಶಗಳೆಂದು ತಿಳಿದು ಆ ಕ್ಷಣವೇ ಅವುಗಳ ಜಾಗದಲ್ಲಿ ಖಾಲಿಯನ್ನು ತುಂಬಿಬಿಡುತ್ತದೆ. ಗಿಟ್‌ಗೆ ಉಳಿಯುವುದು ಟೂಲಿನ ಹೆಸರು ಮಾತ್ರ. "ಟೂಲ್ ತೆರೆಯುತ್ತದೆ, ಆದರೆ ಒಳಗೆ ಏನೂ ಇರುವುದಿಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಈ ಕಾರಣದಿಂದ ಸೆಟ್ಟಿಂಗ್ಸ್ ಕಡತವನ್ನೇ ಎಡಿಟರಿನಲ್ಲಿ ತೆರೆದು ಬರೆಯುವುದನ್ನು ನಾನು ಸೂಚಿಸುತ್ತೇನೆ. ಗಿಟ್ ಕಾನ್ಫಿಗ್‌ಗೆ ಗ್ಲೋಬಲ್ ಮತ್ತು ಎಡಿಟ್ ಆಯ್ಕೆಗಳನ್ನು ಕೊಟ್ಟರೆ ಅದು ತೆರೆದುಕೊಳ್ಳುತ್ತದೆ. ಅಲ್ಲಿಯೂ ಎರಡು ನಿಯಮಗಳಿವೆ. ಮೌಲ್ಯದೊಳಗಿನ ಪ್ರತಿಯೊಂದು ಜೋಡಿ ಉದ್ಧರಣ ಚಿಹ್ನೆಗೂ ಮೊದಲು ಬ್ಯಾಕ್‌ಸ್ಲ್ಯಾಶ್ ಇರಬೇಕು, ಇಲ್ಲವಾದರೆ ಗಿಟ್ ಆ ಚಿಹ್ನೆಗಳನ್ನು ಸದ್ದಿಲ್ಲದೆ ತೆಗೆದುಹಾಕುತ್ತದೆ ಮತ್ತು ಹೆಸರಿನಲ್ಲಿ ಖಾಲಿ ಜಾಗವಿರುವ ಕಡತ ಎದುರಾದ ದಿನ ಆದೇಶ ಮುರಿದು ಬೀಳುತ್ತದೆ. ವಿಂಡೋಸ್‌ನ ವಿಳಾಸಗಳಲ್ಲಿ ಬರುವ ಬ್ಯಾಕ್‌ಸ್ಲ್ಯಾಶನ್ನು ಎರಡೆರಡು ಬಾರಿ ಬರೆಯಬೇಕು ಅಥವಾ ಅದರ ಬದಲಿಗೆ ಮುಂದಕ್ಕೆ ವಾಲಿದ ಸ್ಲ್ಯಾಶನ್ನು ಬಳಸಬೇಕು, ಎರಡನೆಯದೇ ಸುಲಭ.

ಈಗ ಮುಖ್ಯವಾದ ಎರಡನೆಯ ವಿಷಯಕ್ಕೆ ಬರೋಣ. ಟೂಲಿನೊಳಗೆ ನೀವು ಏನು ಮಾಡಿದಿರಿ ಎಂಬುದು ಗಿಟ್‌ಗೆ ಕಾಣುವುದಿಲ್ಲ. ಟೂಲಿನ ಪ್ರೋಗ್ರಾಂ ಮುಗಿಯುವವರೆಗೆ ಅದು ಕಾಯುತ್ತದೆ; ಮುಗಿದ ಬಳಿಕ ಫಲಿತಾಂಶವನ್ನು ಊಹಿಸುತ್ತದೆ. ಟ್ರಸ್ಟ್‌ಎಕ್ಸಿಟ್‌ಕೋಡ್ ಎಂಬ ಸೆಟ್ಟಿಂಗನ್ನು ಟ್ರೂ ಎಂದು ಇಟ್ಟಿದ್ದರೆ, ಟೂಲ್ ಮುಗಿಯುವಾಗ ಹಿಂದಿರುಗಿಸುವ ಸಂಖ್ಯೆ ಸೊನ್ನೆಯಾದರೆ ಯಶಸ್ಸು, ಬೇರೇನಾದರೂ ಆದರೆ ವೈಫಲ್ಯ ಎಂದು ನಂಬುತ್ತದೆ. ಹಾಗೆ ಇಟ್ಟಿರದಿದ್ದರೆ ಮರ್ಜ್ಡ್ ಕಡತ ಬದಲಾಗಿದೆಯೇ ಎಂದು ಅದರ ಸಮಯ ನೋಡಿ ತೀರ್ಮಾನಿಸುತ್ತದೆ; ಬದಲಾಗಿರದಿದ್ದರೆ "ಮರ್ಜ್ ಯಶಸ್ವಿಯಾಯಿತೇ?" ಎಂದು ನಿಮ್ಮನ್ನೇ ಕೇಳುತ್ತದೆ. ಯಶಸ್ಸು ಎಂದು ತೀರ್ಮಾನವಾದ ಕೂಡಲೇ ಕಡತವನ್ನು ತಾನಾಗಿ ಆ್ಯಡ್ ಮಾಡಿ (ಮುಂದಿನ ಕಮಿಟ್‌ಗೆ, ಅಂದರೆ ದಾಖಲಾಗುವ ಬದಲಾವಣೆಗಳ ಕಂತಿಗೆ, ಸೇರಿಸಿ) ಕಾನ್‌ಫ್ಲಿಕ್ಟ್ ಪರಿಹಾರವಾಯಿತೆಂದು ದಾಖಲಿಸುತ್ತದೆ.

ವಿಎಸ್ ಕೋಡ್‌ನಂತಹ ಎಡಿಟರುಗಳ ವಿಷಯದಲ್ಲಿ ತೊಡಕು ಬರುವುದು ಇಲ್ಲಿ. ಎಡಿಟರ್ ಆಗಲೇ ತೆರೆದಿದ್ದರೆ, ಹೊಸದಾಗಿ ಕೊಟ್ಟ ಆದೇಶವು ಕಡತಗಳನ್ನು ಆ ಕಿಟಕಿಗೆ ಒಪ್ಪಿಸಿ ತಾನು ಕ್ಷಣದಲ್ಲಿ ಮುಗಿದುಹೋಗುತ್ತದೆ. ಎಡಿಟರಿನಲ್ಲಿ ನೀವು ಮೊದಲ ಸಾಲನ್ನು ಓದುವಷ್ಟರಲ್ಲಿ ಟರ್ಮಿನಲ್‌ನಲ್ಲಿ ಆ ಪ್ರಶ್ನೆ ಬಂದು ನಿಂತಿರುತ್ತದೆ, ಅವಸರದಲ್ಲಿ ಹೌದು ಎಂದು ಒತ್ತಿದರೆ ಬಾಣದ ಗುರುತುಗಳ ಸಮೇತ ಕಡತ ಆ್ಯಡ್ ಆಗುತ್ತದೆ, ತಾತ್ಕಾಲಿಕ ಕಡತಗಳು ಅಳಿಸಿಹೋಗಿ ಎಡಿಟರಿನ ಕಿಟಕಿ ಇಲ್ಲದ ಕಡತಗಳನ್ನು ಹಿಡಿದುಕೊಂಡು ಕುಳಿತಿರುತ್ತದೆ. ಪರಿಹಾರವೆಂದರೆ ಆದೇಶದಲ್ಲಿ ವೇಟ್ ಎಂಬ ಆಯ್ಕೆಯನ್ನು ಸೇರಿಸುವುದು. ಆಗ ಕಿಟಕಿ ಮುಚ್ಚುವವರೆಗೂ ಆದೇಶ ಮುಗಿಯುವುದಿಲ್ಲ. ಟ್ರಸ್ಟ್‌ಎಕ್ಸಿಟ್‌ಕೋಡ್ ಸೆಟ್ಟಿಂಗನ್ನು ಎಲ್ಲ ಟೂಲುಗಳಿಗೂ ಟ್ರೂ ಎಂದು ಇಡಬಾರದು ಎಂಬುದಕ್ಕೂ ಇದೇ ಕಾರಣ. ಕಾನ್‌ಫ್ಲಿಕ್ಟ್ ಉಳಿದಿರುವಾಗ ಮುಚ್ಚಿದರೆ ಸೊನ್ನೆಯಲ್ಲದ ಸಂಖ್ಯೆ ಕೊಡುವ ಟೂಲಿಗೆ ಮಾತ್ರ ಆ ನಂಬಿಕೆ ಸಲ್ಲುತ್ತದೆ. ಕೆಡಿಫ್3 ಆ ವರ್ಗಕ್ಕೆ ಸೇರಿದ್ದು. ಏನೇ ಆದರೂ ಸೊನ್ನೆಯನ್ನೇ ಕೊಟ್ಟು ಮುಚ್ಚಿಕೊಳ್ಳುವ ಎಡಿಟರುಗಳು ಸೇರುವುದಿಲ್ಲ.

ಎಲ್ಲವೂ ಸರಿಯಾಗಿದ್ದರೂ ರೀಬೇಸ್ ಮಾಡುವಾಗ ಲೋಕಲ್ ಮತ್ತು ರಿಮೋಟ್ ಅದಲುಬದಲಾದಂತೆ ಕಾಣುತ್ತವೆ. ಇದು ಜೋಡಣೆಯ ದೋಷವಲ್ಲ. ರೀಬೇಸ್ ಎಂದರೆ ಗಿಟ್ ಮೊದಲು ಗುರಿಯ ಬ್ರಾಂಚಿನ ಮೇಲೆ ಹೋಗಿ ನಿಂತು ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಅಲ್ಲಿಗೆ ತರುವುದು. ಆದುದರಿಂದ ಲೋಕಲ್ ಎಂದರೆ ಆ ಬ್ರಾಂಚಿನ ಪ್ರತಿ, ರಿಮೋಟ್ ಎಂದರೆ ನೀವೇ ಬರೆದದ್ದು. "ನನ್ನದನ್ನು ಇಟ್ಟುಕೋ" ಎಂಬ ಗುಂಡಿಯನ್ನು ಅಭ್ಯಾಸಬಲದಿಂದ ಒತ್ತಿ ಸ್ವಂತ ಕೆಲಸವನ್ನೇ ಕಳೆದುಕೊಳ್ಳುವುದು ಈ ಹಂತದಲ್ಲಿಯೇ.

ಉಳಿದ ಸಣ್ಣ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಮರ್ಜ್ ಆದ ಮೇಲೆ ಓಆರ್‌ಐಜಿ ಎಂಬ ಬಾಲವಿರುವ ಕಡತಗಳು ಉಳಿಯುವುದು ಗಿಟ್ ಇಟ್ಟುಕೊಳ್ಳುವ ಬ್ಯಾಕಪ್. ಕೀಪ್‌ಬ್ಯಾಕಪ್ ಸೆಟ್ಟಿಂಗನ್ನು ಫಾಲ್ಸ್ ಎಂದಿಟ್ಟರೆ ಅವು ಉಳಿಯುವುದಿಲ್ಲ, ಆದರೆ ಟೂಲಿನ ಮೇಲೆ ಭರವಸೆ ಬರುವವರೆಗೆ ಅವು ಇದ್ದರೇ ಒಳ್ಳೆಯದು. ಇಡೀ ಕಡತವೇ ಒಂದು ದೊಡ್ಡ ಕಾನ್‌ಫ್ಲಿಕ್ಟ್ ಆಗಿ ಕಂಡರೆ ಟೂಲನ್ನು ಬದಲಿಸುವ ಮೊದಲು ಸಾಲಿನ ಅಂತ್ಯದ ಅಕ್ಷರಗಳನ್ನು ಪರೀಕ್ಷಿಸಿ. ಒಂದು ಬದಿಯಲ್ಲಿ ವಿಂಡೋಸ್ ಶೈಲಿ, ಇನ್ನೊಂದರಲ್ಲಿ ಲಿನಕ್ಸ್ ಶೈಲಿ ಇದ್ದರೆ ಪ್ರತಿಯೊಂದು ಸಾಲೂ ಬದಲಾದಂತೆಯೇ ಲೆಕ್ಕ. ಡಿಫ್‌ಟೂಲ್ ಎಂಬುದು ಹೋಲಿಸಿ ನೋಡಲು ಮಾತ್ರ ಇರುವ ಬೇರೆ ಆದೇಶ, ಅದರ ಸೆಟ್ಟಿಂಗ್ಸ್ ಕೂಡ ಬೇರೆ. ಡಿಫ್ ವಿಭಾಗದಲ್ಲಿ ಟೂಲ್ ಹೆಸರಿಸದೆ ಮರ್ಜ್ ವಿಭಾಗದಲ್ಲಿ ಮಾತ್ರ ಹೆಸರಿಸಿದ್ದರೆ ಡಿಫ್‌ಟೂಲ್ ಅದನ್ನೇ ಎರವಲು ಪಡೆಯುತ್ತದೆ.

ಗಿಟ್ ಬದಲಿಗೆ ಅದೇ ಬಗೆಯ ಸಬ್‌ವರ್ಷನ್, ಮರ್ಕ್ಯುರಿಯಲ್ ತಂತ್ರಾಂಶಗಳನ್ನು ಬಳಸುವವರಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಸಬ್‌ವರ್ಷನ್‌ನಲ್ಲಿ ಬಳಕೆದಾರರ ಕಾನ್ಫಿಗ್ ಕಡತದ ಹೆಲ್ಪರ್ಸ್ ವಿಭಾಗದಲ್ಲಿ ಮರ್ಜ್-ಟೂಲ್-ಸಿಎಂಡಿ ಎಂಬ ಸೆಟ್ಟಿಂಗ್ ಇದೆ. ಅದು ಕೊಟ್ಟ ಪ್ರೋಗ್ರಾಂಗೆ ಬೇಸ್, ಅವರದು, ನನ್ನದು, ಫಲಿತಾಂಶ ಎಂಬ ಕ್ರಮದಲ್ಲಿ ಕಡತಗಳನ್ನು ದಾಟಿಸುತ್ತದೆ, ಕ್ರಮವನ್ನು ಬದಲಿಸುವ ಅವಕಾಶ ಕೊಡುವುದಿಲ್ಲ. ಆದ್ದರಿಂದ ನಡುವೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದು ಅದರೊಳಗೆ ಕ್ರಮವನ್ನು ಟೂಲಿಗೆ ತಕ್ಕಂತೆ ಹೊಂದಿಸಬೇಕಾಗುತ್ತದೆ. ಪಕ್ಕದಲ್ಲೇ ಇರುವ ಡಿಫ್3-ಸಿಎಂಡಿ ಎಂಬುದನ್ನು ಇದರೊಂದಿಗೆ ಬೆರೆಸಬೇಡಿ. ಅದು ಸಬ್‌ವರ್ಷನ್‌ನ ಒಳಗಿನ ಮರ್ಜ್ ವಿಧಾನವನ್ನೇ ಬದಲಿಸುತ್ತದೆ. ಮರ್ಕ್ಯುರಿಯಲ್‌ನಲ್ಲಿ ಮರ್ಜ್-ಟೂಲ್ಸ್ ವಿಭಾಗದ ಆರ್ಗ್ಸ್ ಸೆಟ್ಟಿಂಗಿನಲ್ಲಿ ಲೋಕಲ್, ಬೇಸ್, ಅದರ್, ಔಟ್‌ಪುಟ್ ಎಂಬ ಹೆಸರುಗಳನ್ನು ಬೇಕಾದ ಕ್ರಮದಲ್ಲಿ ಬರೆಯಬಹುದು. ಮೂರರಲ್ಲಿ ನನಗೆ ಹೆಚ್ಚು ನೇರವಾಗಿ ಕಂಡದ್ದು ಇದೇ ಏರ್ಪಾಡು.

ಜೋಡಣೆ ಮುಗಿದ ಮೇಲೆ ನಿಜವಾದ ಕಾನ್‌ಫ್ಲಿಕ್ಟ್‌ಗಾಗಿ ಕಾಯಬೇಡಿ. ಖಾಲಿ ಫೋಲ್ಡರಿನಲ್ಲಿ ಹೊಸ ರೆಪಾಸಿಟರಿ (ಗಿಟ್ ದಾಖಲೆ ಇಡುವ ಸಂಗ್ರಹ) ತೆರೆದು, ಹೆಸರಿನಲ್ಲಿ ಬೇಕೆಂದೇ ಖಾಲಿ ಜಾಗವಿರುವ ಮೂರು ಸಾಲಿನ ಕಡತವೊಂದನ್ನು ಕಮಿಟ್ ಮಾಡಿ, ಎರಡು ಬ್ರಾಂಚುಗಳಲ್ಲಿ ನಡುವಿನ ಸಾಲನ್ನು ಬೇರೆಬೇರೆಯಾಗಿ ಬದಲಿಸಿ ಮರ್ಜ್ ಮಾಡಿ. ಕಾನ್‌ಫ್ಲಿಕ್ಟ್ ಬಂದಾಗ ಗಿಟ್ ಮರ್ಜ್‌ಟೂಲ್ ಆದೇಶದಿಂದ ಟೂಲನ್ನು ತೆರೆಯಿರಿ. ಬೇಸ್ ಇರಬೇಕಾದ ಕಿಟಕಿಯಲ್ಲಿ ಮೂಲ ಸಾಲೇ ಇದೆಯೇ ನೋಡಿ. ಬಳಿಕ ಟೂಲನ್ನು ಏನೂ ಉಳಿಸದೆ ಮುಚ್ಚಿ; ಮರ್ಜ್ ಯಶಸ್ವಿಯಾಯಿತೇ ಎಂದು ಗಿಟ್ ಕೇಳಿದರೆ ಇಲ್ಲ ಎನ್ನಿ. ಗಿಟ್ ಸ್ಟೇಟಸ್ ಆ ಕಡತವನ್ನು ಇನ್ನೂ ಪರಿಹಾರವಾಗದ್ದೆಂದು ತೋರಿಸಿದರೆ ಜೋಡಣೆ ಸರಿಯಾಗಿದೆ, ಪರಿಹಾರವಾಯಿತೆಂದು ತೋರಿಸಿದರೆ ಟ್ರಸ್ಟ್‌ಎಕ್ಸಿಟ್‌ಕೋಡ್ ಸೆಟ್ಟಿಂಗನ್ನು ತೆಗೆಯಿರಿ. ನಿಜವಾದ ಕೆಲಸದ ನಡುವೆ ಹಾಗೆ ತಪ್ಪಾಗಿ ಆ್ಯಡ್ ಆದರೂ, ಕಮಿಟ್ ಮಾಡಿರದಿದ್ದರೆ, ಗಿಟ್ ಚೆಕ್‌ಔಟ್‌ಗೆ ಮರ್ಜ್ ಆಯ್ಕೆಯನ್ನೂ ಕಡತದ ಹೆಸರನ್ನೂ ಕೊಟ್ಟು ಕಾನ್‌ಫ್ಲಿಕ್ಟ್ ಸ್ಥಿತಿಯನ್ನು ಮರಳಿ ತರಬಹುದು, ಟೂಲನ್ನು ಮತ್ತೊಮ್ಮೆ ತೆರೆಯಬಹುದು.