ಕಿಂಡಿ ಕಾಯುವ ಜೀನ್

ಬಸ್ಸಿನಲ್ಲಿ ಕೂತು ಸುಮ್ನೆ ನಪ್98 ಅನ್ನುವ ಜೀನ್ ಬಗ್ಗೆ ಓದುತ್ತಿದ್ದೆ. ನಮ್ಮ ಜೀವಕೋಶದ ನ್ಯೂಕ್ಲಿಯಸ್ಸಿನ ಗೋಡೆ ತುಂಬ ಪುಟ್ಟ ಪುಟ್ಟ ಕಿಂಡಿಗಳು. ಒಂದೊಂದಕ್ಕೂ ಸುಮಾರು 30 ಬಗೆಯ ಪ್ರೋಟೀನ್ ಬೇಕು. ಅದರಲ್ಲಿ ಇದರದೂ ಒಂದು. ಯಾರು ಒಳಗೆ, ಯಾರು ಹೊರಗೆ ಅಂತ ನೋಡಿಕೊಳ್ಳುವ ಪಾಪದ ಕಾವಲುಗಾರ.

ಆದರೆ 11ನೇ ಕ್ರೋಮೋಸೋಮ್ ತುಂಡಾಗಿ ಇದು ಬೇರೆ ಜೀನಿಗೆ ಅಂಟಿಕೊಂಡರೆ ಕಥೆ ಕೆಟ್ಟಿತು. 1996ರಲ್ಲಿ ಮೊದಲು ಸಿಕ್ಕ ಜೋಡಿ ಹಾಕ್ಸ್‌ಎ9 ಅನ್ನುವ ಜೀನ್. ಇವೆರಡೂ ಸೇರಿ ಆದ ಪ್ರೋಟೀನ್ ಡಿಎನ್‌ಎ ಮೇಲೆ ಹೋಗಿ ಕೂರುತ್ತದೆ, ರಕ್ತದ ಎಳೆ ಕೋಶಗಳನ್ನು ಬಲಿಯಲು ಬಿಡುವುದಿಲ್ಲ. ಕೆಲವರಲ್ಲಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಶುರುವಾಗುವುದು ಹೀಗೆ. ಮಕ್ಕಳಲ್ಲಿ ಜಾಸ್ತಿ ಕಾಣುವ ಎನ್‌ಎಸ್‌ಡಿ1 ಅನ್ನುವ ಇನ್ನೊಂದು ಜೀನಿನ ಜೊತೆಗಿನ ಜೋಡಿಯಂತೂ ಮಾಮೂಲಿ ಕ್ರೋಮೋಸೋಮ್ ಪರೀಕ್ಷೆಯ ಕಣ್ಣಿಗೇ ಬೀಳುವುದಿಲ್ಲ. ಕಾವಲುಗಾರನ ಮೇಲೆ ಯಾರು ತಾನೇ ಅನುಮಾನ ಪಡುತ್ತಾರೆ, ಅಲ್ವಾ?

ತಲೆ ಎತ್ತಿದರೆ ನನ್ನ ಸ್ಟಾಪ್ ಹಿಂದೆ ಹೋಗಿತ್ತು.