ಬಲ್ಬು ಹಾಕೋಕೆ ಅಷ್ಟು ದೂರ ಹೋಗಬೇಕಿತ್ತಾ?

ಸೋದರಮಾವ ಫೋನ್ ಮಾಡಿದಾಗಲೆಲ್ಲ ಇದೇ ಪ್ರಶ್ನೆ. "ಬಲ್ಬು ಹಾಕೋಕೆ ಅಷ್ಟು ದೂರ ಹೋಗಬೇಕಿತ್ತೇನೋ?" ತಮಾಷೆಗೆ ಕೇಳುತ್ತಾರೆ, ಆದರೆ ಪೂರ್ತಿ ತಮಾಷೆ ಅಲ್ಲ ಅಂತ ನನಗೂ ಗೊತ್ತು. ಹಾಗಾಗಿ ಇಲ್ಲಿ ಬ್ರಿಟನ್ನಿನಲ್ಲಿ ದಿನವೆಲ್ಲ ಏನು ಮಾಡುತ್ತೇನೆ ಅಂತ ಒಂದ್ಸಲ ಬರೆದುಬಿಡುತ್ತೇನೆ.

ನನ್ನಂಥವರನ್ನು ಇಲ್ಲಿ ಸ್ಪಾರ್ಕ್ ಅಂತ ಕರೆಯುತ್ತಾರೆ. ಕಿಡಿ ಅಂತ! ಸಿನಿಮಾ, ಟಿವಿ ಸೆಟ್ಟುಗಳಲ್ಲಿ ದೀಪ ಹೊರುವವರು, ಕೇಬಲ್ ಎಳೆಯುವವರು, ದೀಪದ ಮುಂದೆ ಬಟ್ಟೆ ಕಟ್ಟುವವರು ಎಲ್ಲ ನಾವೇ. ನಮಗೆ ಹಿರಿಯರು ಗ್ಯಾಫರ್. ಕ್ಯಾಮೆರಾಮನ್ "ಕಿಟಕಿಯಿಂದ ಇಳಿಬಿಸಿಲು ಬೇಕು" ಅಂದರೆ ಸಾಕು, ಯಾವ ದೀಪ, ಎಷ್ಟು ದೂರ, ಮುಂದೆ ಯಾವ ಬಣ್ಣದ ಜೆಲ್ ಹಾಳೆ ಅಂತ ಅವರು ಲೆಕ್ಕ ಹಾಕುತ್ತಾರೆ. ಅವರ ಬಲಗೈ ಬೆಸ್ಟ್ ಬಾಯ್. ತಲೆಕೂದಲು ಪೂರ್ತಿ ನೆರೆತಿದ್ದರೂ ಬಾಯ್ ಅಂತಲೇ ಕರೆಯುವುದು. ಆಳು, ಸಾಮಾನು, ಲಾರಿ, ಕರೆಂಟು ಎಲ್ಲ ಇವರ ಜವಾಬ್ದಾರಿ. ಅಮೆರಿಕದಲ್ಲಾದರೆ ಬೆಳಕು ಮರೆಮಾಡುವ ಕಪ್ಪು ಫ್ಲ್ಯಾಗುಗಳನ್ನೆಲ್ಲ ಗ್ರಿಪ್‌ಗಳು ನೋಡಿಕೊಳ್ಳುತ್ತಾರೆ. ಇಲ್ಲಿ ಗ್ರಿಪ್‌ಗಳಿಗೆ ಕ್ಯಾಮೆರಾದ ಟ್ರಾಲಿ, ಕ್ರೇನುಗಳ ಕೆಲಸ. ಉಳಿದದ್ದೆಲ್ಲ ನಮ್ಮ ತಲೆಗೆ.

ಬರುವಾಗ ಬೆಳಕಿನ ಬಗ್ಗೆ ಸುಮಾರು ತಿಳಿದಿದ್ದೇನೆ ಅಂದುಕೊಂಡಿದ್ದೆ. ಬೆಳಕಿನ ಬಣ್ಣದ ಅಳತೆಯಲ್ಲಿ ಟಂಗ್‌ಸ್ಟನ್ ದೀಪ 3200 ಕೆಲ್ವಿನ್, ಹಗಲು 5600, ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ಇದನ್ನೆಲ್ಲ ಓದಿಕೊಂಡು ಬಂದಿದ್ದೆ, ಯಾರೂ ಕೇಳಲೇ ಇಲ್ಲ. ಕೇಬಲ್ ಸುತ್ತೋಕೆ ಬರುತ್ತಾ ಅಂತ ಕೇಳಿದರು. ಬರುತ್ತದೆ ಅಂದು ಅಂಗೈಯಿಂದ ಮೊಣಕೈಗೆ ಸುತ್ತತೊಡಗಿದೆ. ಒಬ್ಬ ಹಿರಿಯರು ಏನೂ ಹೇಳದೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಪೂರ್ತಿ ಬಿಚ್ಚಿ, ಕೇಬಲ್ ತಾನಾಗಿ ಯಾವ ಕಡೆ ಸುತ್ತಿಕೊಳ್ಳುತ್ತದೋ ಆ ಕಡೆಗೇ ಬಿಟ್ಟುಕೊಂಡು ನೆಲದ ಮೇಲೆ ಸುತ್ತಿ ತೋರಿಸಿದರು.

ಫ್ಲ್ಯಾಗು ಸಿಕ್ಕಿಸಲು ತೋಳಿರುವ ಸಿ-ಸ್ಟ್ಯಾಂಡ್ ಅನ್ನುವ ಕಂಬದ ಪಾಠ ಇನ್ನೂ ಕೆಟ್ಟದಾಗಿ ಆಯಿತು. ಅದರ ತೋಳಿನಲ್ಲಿ ಭಾರ ತೂಗುಹಾಕಿದರೆ ಆ ಭಾರಕ್ಕೆ ತಿರುಪು ಇನ್ನಷ್ಟು ಬಿಗಿಯಾಗುವ ಹಾಗೆ ನಿಲ್ಲಿಸಬೇಕು. ನಾನು ಉಲ್ಟಾ ನಿಲ್ಲಿಸಿದ್ದೆ. ಟೇಕ್ ನಡೆಯುತ್ತಿದ್ದಾಗ ಕಪ್ಪು ಫ್ಲ್ಯಾಗ್ ನಿಧಾನವಾಗಿ, ನಮಸ್ಕಾರ ಮಾಡುವ ಹಾಗೆ, ಫ್ರೇಮಿನೊಳಗೆ ಬಾಗಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸಿನಿಮಾ ಕೆಲಸ ಇಲ್ಲದ ದಿನಗಳಲ್ಲಿ ನಾಟಕಕ್ಕೆ ಹೋಗುತ್ತೇನೆ. ಅಲ್ಲಿ ಭಾಷೆಯೇ ಬೇರೆ. ದೀಪ ಅಲ್ಲಿ ಲ್ಯಾಂಟರ್ನ್, ನಮ್ಮ ವಿಭಾಗ ಎಲ್‌ಎಕ್ಸ್. ಶೋ ನಡೆಸುವವರು ಹೆಡ್‌ಸೆಟ್ಟಿನಲ್ಲಿ "ಸ್ಟ್ಯಾಂಡ್‌ಬೈ ಎಲ್‌ಎಕ್ಸ್ 42" ಅನ್ನುತ್ತಾರೆ, ಆಮೇಲೆ "ಎಲ್‌ಎಕ್ಸ್ 42, ಗೋ". 42 ಅಂದರೆ ಬೆಳಕಿನ 42ನೇ ಬದಲಾವಣೆ. ಆ ಗೋ ಕಿವಿಗೆ ಬಿದ್ದ ಕ್ಷಣ ಬಟನ್ ಒತ್ತಬೇಕು. ಅದಕ್ಕೇ ಹೆಡ್‌ಸೆಟ್ಟಿನಲ್ಲಿ ಬೇರೆ ಯಾವ ಮಾತಿಗೂ ಆ ಪದ ಬಳಸಬಾರದು. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ರಿಹರ್ಸಲ್‌ನಲ್ಲಿ ಒಂದು ದೀಪ ಮಿಣುಕಿದ್ದು ಕಂಡು, "ಐ ವಿಲ್ ಗೋ ಅಂಡ್ ಚೆಕ್" ಅಂದೆ. ಬಟನ್ ಮೇಲೆ ಬೆರಳಿಟ್ಟು ಕೂತಿದ್ದ ಹುಡುಗಿ ಒತ್ತಿಯೇಬಿಟ್ಟಳು. ರಂಗದ ಮೇಲೆ ಆಗಷ್ಟೇ ಬೆಳಗಾಗಿತ್ತು, ಮತ್ತೆ ಕತ್ತಲಾಯಿತು. ಈಗ ಮನೆಯಲ್ಲೂ ಆ ಪದ ಬಾಯಿಗೆ ಬಂದರೆ ಒಂದು ಕ್ಷಣ ತಡೆಯುತ್ತೇನೆ.

ಈಗೆಲ್ಲ ಎಲ್‌ಇಡಿ ಕಾಲ. ಬಣ್ಣ ಬದಲಿಸಲು ಜೆಲ್ ಹಿಡಿದು ಏಣಿ ಹತ್ತುವುದು ಕಮ್ಮಿಯಾಗಿದೆ, ಟ್ಯಾಬ್ಲೆಟ್ಟಿನಲ್ಲೇ ಆಗುತ್ತದೆ. ಆದರೆ ದೀಪಗಳಿಗೆ ಆಜ್ಞೆ ಒಯ್ಯುವ ಡಿಎಂಎಕ್ಸ್ ಲೈನ್ ಒಂದಕ್ಕೆ ಇರುವುದು 512 ಚಾನೆಲ್, ದೀಪ ಯಾವ ಚಾನೆಲ್ಲಿನಿಂದ ಕೇಳಬೇಕು ಅನ್ನುವುದೇ ಅದರ ಅಡ್ರೆಸ್. ಎರಡು ದೀಪಕ್ಕೆ ಒಂದೇ ಅಡ್ರೆಸ್ ಕೊಟ್ಟಿದ್ದರೆ ಇದಕ್ಕೆ ಹೇಳಿದ್ದನ್ನು ಅದೂ ಮಾಡುತ್ತದೆ. ಆಗ ಮತ್ತೆ ಏಣಿ.

ಮಾವನಿಗೆ ನಿಜವಾಗಿ ಹೇಳಬೇಕಾದ್ದು ಕರೆಂಟಿನ ವಿಷಯ. ಇಲ್ಲಿ ಮನೆಯ ಸಾಕೆಟ್ 13 ಆಂಪಿಯರಿನದು, 230 ವೋಲ್ಟಿಗೆ ಸುಮಾರು 3 ಕಿಲೋವಾಟ್ ಕೊಡುತ್ತದೆ. ಬಿಸಿಲು ಸೃಷ್ಟಿಸಲು ನಾವು ಹಚ್ಚುವ ದೊಡ್ಡ ಎಚ್‌ಎಂಐ ದೀಪ 18 ಕಿಲೋವಾಟ್. ಅಂದರೆ ಒಂದೇ ದೀಪಕ್ಕೆ ಆರು ಸಾಕೆಟ್ಟಿನಷ್ಟು ಕರೆಂಟು. ಹಚ್ಚುವ ಮುಂಚೆ "ಸ್ಟ್ರೈಕಿಂಗ್!" ಅಂತ ಕೂಗಲೇಬೇಕು, ಇಲ್ಲದಿದ್ದರೆ ಅದರ ಕಡೆ ನೋಡುತ್ತಿದ್ದವರ ಕಣ್ಣು ಕತ್ತಲಿಡುತ್ತದೆ. ಇದಕ್ಕೆ ಜನರೇಟರ್ ಲಾರಿಯೇ ಬರುತ್ತದೆ. ಅದರ ದಪ್ಪ ಕೇಬಲ್‌ಗಳನ್ನು ಜೋಡಿಸುವಾಗ ಮೊದಲು ಅರ್ಥ್, ಆಮೇಲೆ ನ್ಯೂಟ್ರಲ್, ಕೊನೆಗೆ ಮೂರು ಫೇಸ್. ಕಳಚುವಾಗ ಇದರ ಉಲ್ಟಾ. ನ್ಯೂಟ್ರಲ್ ಬಿಟ್ಟುಹೋಗಿ ಫೇಸ್ ಮಾತ್ರ ಜೀವಂತ ಇದ್ದರೆ 230ರ ದೀಪಕ್ಕೆ 400ರ ಹತ್ತಿರ ನುಗ್ಗಬಹುದು, ಹೊಗೆಯೇ ಗತಿ. ತಾತ್ಕಾಲಿಕ ವೈರಿಂಗಿಗೆಂದೇ ಬಿಎಸ್ 7909 ಅನ್ನುವ ಬ್ರಿಟಿಷ್ ಮಾನದಂಡವಿದೆ. ಅದರ ಪ್ರಕಾರ ಜವಾಬ್ದಾರಿ ಹೊತ್ತ ಒಬ್ಬರು ಇರಬೇಕು, ಎಲ್ಲವನ್ನೂ ಪರೀಕ್ಷಿಸಿ ಸಹಿ ಹಾಕಬೇಕು.

ಆ ಸಹಿಗೆ ಎಷ್ಟು ತೂಕ ಅಂತ ಗೊತ್ತಾದದ್ದು ಒಂದು ಚಳಿಗಾಲದ ರಾತ್ರಿ. ಒಂದು ಹಳೇ ಮನೆಯಲ್ಲಿ ಟಿವಿ ಧಾರಾವಾಹಿಯ ಶೂಟಿಂಗ್, ಹೊರಗೆ ಬಿಡದ ಮಳೆ. ಬಿಸಿ ಗಾಜಿಗೆ ತಣ್ಣೀರು ಬಿದ್ದರೆ ಸೀಳುತ್ತದೆ ಅಂತ 18ರ ದೀಪಕ್ಕೆ ಮೇಲೆ ಹೊದಿಕೆ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದ್ದೆವು. ಇದ್ದಕ್ಕಿದ್ದಂತೆ ಮನೆಯೊಳಗಿನ ಚಿಕ್ಕ ದೀಪಗಳ ಲೈನಿನಲ್ಲಿ, ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಡಿ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಅದು ಕೇವಲ 30 ಮಿಲಿಆಂಪಿಯರ್ ಸೋರಿದರೂ ಬೀಳುವಂಥದ್ದು, ಬೀಳಲಿ ಅಂತಲೇ ಇಟ್ಟಿರುವುದು. ಪ್ರೊಡಕ್ಷನ್ ಕಡೆಯವರೊಬ್ಬರು ಓಡಿ ಬಂದು "ಒಂದೇ ಶಾಟ್ ಅಲ್ವಾ, ಅದನ್ನು ಬೈಪಾಸ್ ಮಾಡಿ" ಅಂದರು. ಬೆಸ್ಟ್ ಬಾಯ್ "ಆಗಲ್ಲ" ಅಂದರು. ದನಿ ಏರಿಸಲಿಲ್ಲ, ಕಾರಣ ಹೇಳಲಿಲ್ಲ, ಟಾರ್ಚ್ ಹಿಡಿದು ಕೇಬಲ್ ಹಿಂದೆ ನಡೆದರು. ಡೈರೆಕ್ಟರ್, ಕಲಾವಿದರು, ಮೇಕಪ್‌ನವರು, ಅಷ್ಟೂ ಜನ ಸುಮ್ನೆ ಕೂತು ಕಾದರು. ಒಂದೊಂದೇ ಲೈನ್ ಕಳಚಿ ನೋಡುತ್ತಾ ಹೋದೆವು. ಸಿಕ್ಕಿದ್ದು ಹೊಸ್ತಿಲ ಪಕ್ಕದ ನೀರಿನ ಗುಂಡಿಯಲ್ಲಿ ಮುಳುಗಿದ್ದ ಒಂದು ಜಾಯಿಂಟ್. ಅದನ್ನು ಎತ್ತರದಲ್ಲಿಡದೆ ನೆಲಕ್ಕೆ ಬಿಟ್ಟಿದ್ದವನು ನಾನೇ. ಅವರಿಗೂ ಗೊತ್ತಿತ್ತು. ಬದಲಿ ಕೇಬಲ್ ತಂದುಕೊಟ್ಟು, "ಈ ಸಲ ಪೆಟ್ಟಿಗೆ ಮೇಲಿಡು" ಅಂದರು ಅಷ್ಟೇ.

ಆ ಧಾರಾವಾಹಿ ಬಂದ ಮೇಲೆ ಮಾವ ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ನೋಡಿದರಂತೆ. ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ನನ್ನದು ಯಾರಿಗೂ ಸಿಗಲಿಲ್ಲ. ಆಮೇಲೆ ಫೋನ್ ಮಾಡಿ, "ಅಲ್ವೋ, ಅಲ್ಲಿ ಬಿಸಿಲೇ ಇರಲ್ಲ ಅಂತ ಗೋಳಾಡ್ತಿದ್ದೆ, ಆ ಮನೆ ಕಿಟಕಿಯಿಂದ ಎಷ್ಟು ಚೆನ್ನಾಗಿ ಬರ್ತಿತ್ತಲ್ಲೋ" ಅಂದರು.

ಮಾವ, ಆಗ ರಾತ್ರಿ ಹನ್ನೊಂದು ಗಂಟೆ, ಹೊರಗೆ ಜೋರು ಮಳೆ ಅಂದೆ. ನಂಬಲಿಲ್ಲ.